ಶುಕ್ರವಾರ ಸಂಜೆ ಏಳರ ಪಾಠ

ಪ್ರತಿ ಶುಕ್ರವಾರ ಸಂಜೆ ಏಳಕ್ಕೆ ನನ್ನ ಫೋನಿನ ಅಲಾರಾಂ ಹೊಡೆದುಕೊಳ್ಳುತ್ತದೆ. ಇವತ್ತೂ ಹೊಡೆದುಕೊಂಡಿತು. ಅದನ್ನು ನಿಲ್ಲಿಸಿ, ಕುವೈತಿನ ಬ್ನೇದ್ ಅಲ್ ಗಾರ್ ಬಡಾವಣೆಯ ನನ್ನ ಕೋಣೆಯಲ್ಲಿ, ಸಾರಿನ ಕಲೆ ಹತ್ತಿದ ಒಂದು ನೋಟ್‌ಬುಕ್ಕನ್ನು ನೋಡುತ್ತ ಕುಳಿತೆ. ಎದ್ದು ದೀಪ ಹಾಕುವುದಕ್ಕೂ ಬೇಸರ.

ನೋಟ್‌ಬುಕ್ಕಿನಲ್ಲಿರುವುದು ಐರಿಷ್ ಭಾಷೆ. ನಗಬೇಡಿ. ನನ್ನ ಹೆಂಡತಿ ನರ್ಸ್. ಇಲ್ಲಿನ ಕೆಲಸ ಬಿಟ್ಟು, ಮಗಳನ್ನು ಕರೆದುಕೊಂಡು ಐರ್ಲೆಂಡಿಗೆ ಹೋಗಿ ಎರಡು ವರ್ಷವಾಯಿತು. ಅಲ್ಲೊಂದು ಕೆಲಸ ಸಿಕ್ಕಿದ ಕೂಡಲೇ ನಾನೂ ಹೋಗುವುದೆಂದು ಮಾತಾಗಿತ್ತು. ಸಿಗಲಿಲ್ಲ. ಇಲ್ಲಿನ ವಾಸದ ಪರವಾನಗಿ ಇಕಾಮಾವನ್ನು ಮತ್ತೊಮ್ಮೆ ಮಾಡಿಸಿಕೊಂಡು, ಇಲ್ಲೇ ಮಿರ್ಕಾಬ್‌ನ ಆಫೀಸಿನಲ್ಲಿ ಉಳಿದೆ. ಮಗಳ ಶಾಲೆಯಲ್ಲಿ ಐರಿಷ್ ಕಡ್ಡಾಯ, ವಾರಕ್ಕೊಂದು ಟೆಸ್ಟ್. "ಡ್ಯಾಡಿ, ಇಟ್ಸ್ ಸೋ ಹಾರ್ಡ್" ಎಂದು ಅವಳು ಅತ್ತ ದಿನ, ನಾನೇ ಕಲಿತು ಕಲಿಸುತ್ತೇನೆ ಎಂದುಬಿಟ್ಟೆ. ಇಷ್ಟು ದೂರದಿಂದ ಅಪ್ಪನಾಗಿ ಉಳಿಯಲು ನನಗೆ ಬೇರೆ ದಾರಿ ತೋಚಲಿಲ್ಲ.

ಆ ಭಾಷೆಯಲ್ಲೂ ನಮ್ಮ ಹಾಗೆ ಪುಸ್ತಕ 'ನನ್ನ ಹತ್ತಿರ' ಇರುತ್ತದೆ: 'ಅಗಮ್'. ಬೇರೆ ಯಾರ ಹತ್ತಿರವೂ ಅಲ್ಲ, ನನ್ನ ಹತ್ತಿರವೇ ಎಂದು ಒತ್ತಿ ಹೇಳಬೇಕಾದರೆ 'ಅಗಮ್‌ಸ'. ನಿನ್ನ ಹತ್ತಿರವೇ ಎನ್ನಲು 'ಅಗತ್‌ಸ'. ಅವನು, ಅವಳು, ನಾವು, ನೀವು, ಎಲ್ಲರಿಗೂ ಒಂದೊಂದು ಬಾಲ. ಸೋಮವಾರ ಮಗಳು ಪುಟದ ಫೋಟೋ ಕಳಿಸುವಳು. ವಾರವಿಡೀ ಮಗ್ಗಿಯ ಹಾಗೆ ಉರುಹೊಡೆದು, ರಜೆಯ ದಿನವಾದ ಶುಕ್ರವಾರ ನಾನು ಕಲಿಸುವೆ. ಲಿಫ್ಟಿನಲ್ಲಿ ಗೊಣಗುತ್ತಿದ್ದವನನ್ನು ನೋಡಿ ಪಕ್ಕದ ಕೋಣೆಯ ಪಾಕಿಸ್ತಾನಿ ಡ್ರೈವರ್, "ಭಾಯಿ, ಕೌನ್‌ಸೀ ದುವಾ ಹೈ?" ಎಂದು ಕೇಳಿದ್ದ. ಮಗಳಿಗಾಗಿ ಒಂದು ಪ್ರಾರ್ಥನೆ ಎಂದೆ. ಪೂರ್ತಿ ಸುಳ್ಳೇನಲ್ಲ.

ಹೀಗೇ ಒಂದು ವರ್ಷ ನಡೆಯಿತು. ಇವತ್ತು ಬೆಳಿಗ್ಗೆ ಫೋನು ಮಾಡಿದಾಗ ಹೆಂಡತಿ, "ಅವಳು ಐರಿಷ್ ಟೆಸ್ಟಿಗೆ ಓದ್ತಾ ಇದ್ದಾಳೆ" ಎಂದಳು.

"ಶುಕ್ರವಾರ ಎಂಥ ಟೆಸ್ಟ್?"

"ಮಾರಾಯ್ರೆ, ಇಲ್ಲಿ ಶುಕ್ರವಾರ ಶಾಲೆ ಉಂಟು. ಟೆಸ್ಟ್ ಯಾವಾಗ್ಲೂ ಶುಕ್ರವಾರವೇ. ಮಧ್ಯಾಹ್ನದೊಳಗೆ ಮುಗೀತದೆ." ದನಿ ತಗ್ಗಿಸಿ, "ನಿಮಗೆ ಹೇಳ್ಬೇಡ ಅಂದಿದ್ಳು ಅವಳು" ಎಂದಳು.

ಹದಿನೆಂಟು ವರ್ಷ ಕುವೈತಿನಲ್ಲಿದ್ದವನಿಗೆ ಶುಕ್ರವಾರವೆಂದರೆ ಲೋಕಕ್ಕೆಲ್ಲ ರಜೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ, ವರ್ಷವಿಡೀ ಬರೆದು ಮುಗಿಸಿದ ಟೆಸ್ಟಿಗೆ ಪಾಠ ಹೇಳಿದ್ದೆ. ಅವಳೋ ಪ್ರತಿ ಸಲ, ಏನೂ ತಿಳಿಯದವಳ ಹಾಗೆ, "ಓಕೆ ಡ್ಯಾಡಿ, ಒನ್ಸ್ ಮೋರ್" ಎನ್ನುತ್ತಿದ್ದಳು. ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಇನ್ನು ಈ ಒಂದು ಗಂಟೆಯೂ ಹೋಯಿತಲ್ಲ ಎಂದು ಸಂಕಟವಾಯಿತು.

ಆದರೂ ಕತ್ತಲಲ್ಲೇ ಫೋನು ಮಾಡಿದೆ.

"ಪುಟ್ಟಾ, ಇವತ್ತಿನ ಟೆಸ್ಟ್ ಹೇಗಾಯ್ತು?"

"ಮಮ್ಮಿ ಟೋಲ್ಡ್ ಯು?" ಎಂದಳು.

"ಹೂಂ."

"ಸೋ... ನೋ ಲೆಸನ್ ಟುಡೇ?" ದನಿ ಕುಗ್ಗಿತ್ತು.

"ಯಾಕಿಲ್ಲ? ಉಂಟು. ಪುಸ್ತಕ ತಗೊಂಡು ಬಾ" ಎಂದು, ಎದ್ದು ದೀಪ ಹಾಕಿದೆ.