ಆಮೆಯ ಎದೆಯಲ್ಲಿ ಹುಳು ಹುಡುಕುವ ಜರಡಿಯಕ್ಕ

ಇನ್ನೊಂದು ಚೊಂಬು ಉಪ್ಪುನೀರು ಸುರಿಯುತ್ತಾರೆ. ಸೀಳಿದ ಗುಂಡಿಗೆಯನ್ನು ಎರಡು ಬೆರಳಲ್ಲಿ ಅಗಲಿಸಿ, ಒಳಮೂಲೆಯನ್ನೆಲ್ಲ ತೊಳೆದು, ಕೆಂಪುನೀರನ್ನು ಜರಡಿಗೆ ಇಳಿಸುತ್ತಾರೆ. ಹೊರಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಡಲದಂಡೆಯ ಪ್ರಾಣಿ ಆಸ್ಪತ್ರೆಯ ಹಿಂಬದಿಯ ತಗಡಿನ ಕೋಣೆ ಇದು. ಕಲ್ಲುಮೇಜಿನ ಮೇಲೆ, ನಿನ್ನೆ ಸಂಜೆ ದಡಕ್ಕೆ ಬಂದು ಬಿದ್ದ ಸತ್ತ ಕಡಲಾಮೆ.

"ನಲ್ಲಿ ನೀರು ಹಾಕ್ಬಾರ್ದು, ಹುಳ ಉಬ್ಬಿ ಒಡೆದ್ಹೋಗುತ್ತೆ. ಹೊಸಬರು ಮೊದ್ಲು ಮಾಡೋ ತಪ್ಪೇ ಅದು," ಎನ್ನುತ್ತಾರೆ, ಕತ್ತೆತ್ತದೆ.

ಆಸ್ಪತ್ರೆಯವರೆಲ್ಲ ಇವರನ್ನು ಕರೆಯುವುದು ಜರಡಿಯಕ್ಕ ಎಂದೇ. ಇವರು ಹುಡುಕುವುದು ಆಮೆಯ ರಕ್ತನಾಳದಲ್ಲಿ ಸಂಸಾರ ಹೂಡುವ ಚಪ್ಪಟೆಹುಳುವನ್ನು. ಅಕ್ಕಿಕಾಳಿಗಿಂತ ಸಣ್ಣದು, ಜರಡಿಯಲ್ಲಿ ಉಳಿದದ್ದನ್ನು ಬಟ್ಟಲಿನ ನೀರಿಗೆ ಬಿಟ್ಟರೆ ನೂಲಿನ ಚೂರಿನಂತೆ ತೇಲುತ್ತದೆ. ಹುಳುವಿಗಿಂತ ಅದರ ಮೊಟ್ಟೆಯೇ ಕೇಡು. ರಕ್ತದ ಜೊತೆ ಹರಿದು ಮಿದುಳು, ಕರುಳು ಎನ್ನದೆ ಸಿಕ್ಕಲ್ಲಿ ಸಿಕ್ಕಿಕೊಳ್ಳುತ್ತದೆ. ಆಮೆ ತಿನ್ನುವುದು ಬಿಡುತ್ತದೆ, ಮುಳುಗಲಾರದೆ ತೇಲುತ್ತದೆ. ಬದುಕಿರುವ ಆಮೆಯ ಎದೆ ಸೀಳಿ ನೋಡುವಂತಿಲ್ಲವಲ್ಲ! ಸತ್ತದ್ದರಲ್ಲಿ ಏನು ಸಿಕ್ಕಿತೆಂದು ನೋಡಿಕೊಂಡು, ಅದೇ ದಡದಲ್ಲಿ ಸಿಕ್ಕ ಜೀವಂತ ಆಮೆಗೆ ಡಾಕ್ಟರಮ್ಮ ಔಷಧಿ ಹಾಕುತ್ತಾರೆ. ಜರಡಿಯಕ್ಕ 'ಹುಳು ಇಲ್ಲ' ಎಂದರೆ ಔಷಧಿಯೂ ಇಲ್ಲ.

ಮೀನು ಹೆಚ್ಚುವ ಶೆಡ್ಡಿನಿಂದ ಇಲ್ಲಿಗೆ ನೆಲ ಒರೆಸಲು ಬಂದವರು. ಒಂದು ದಿನ ಯಾರೋ ಜರಡಿ ಹಿಡಿ ಎಂದರು, ಹಿಡಿದರು. ಇಂದಿಗೂ ದಿನಗೂಲಿಯೇ. ಗಂಡ ತೀರಿಕೊಂಡ ಮೇಲೆ ಒಂದೇ ಕೋಣೆಯಲ್ಲಿ ಅತ್ತಿಗೆ, ನಾದಿನಿಯರ ಸಂಸಾರ. ಕಾಲು ಸೋತ ನಾದಿನಿಗೆ ಬಾಯಿ ಮಾತ್ರ ಸೋತಿಲ್ಲ: "ಅತ್ತಿಗೆ, ನಿಮಗಿಂತ ಮುಂಚೆ ನಿಮ್ಮ ವಾಸನೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತೆ!"

ಜರಡಿಯಕ್ಕನ ಎರಡೂ ಕಣ್ಣಿಗೆ ಪೊರೆ ಬಂದಿದೆ. ಶಸ್ತ್ರಚಿಕಿತ್ಸೆಗೆ ರಜೆ ಬೇಡಿ ದೊಡ್ಡ ಕಚೇರಿಗೆ ನಾದಿನಿಯಿಂದ ಅರ್ಜಿ ಬರೆಸಿ ವರ್ಷವಾಯಿತು. ಕಳಿಸಿಲ್ಲ.

"ನಮ್ಮಂಥೋರಿಗೆ ಒಂದು ತಿಂಗಳು ರಜೆ ಅಂದ್ರೆ ರಜೆ ಅಲ್ಲಮ್ಮಾ, ಹೋಗಿ ಬಾ ಅಂತ. ಮೇಲಾಗಿ ಇವತ್ತು ಸ್ವಲ್ಪ ವಾಸಿ, ನಾಳೆ ನೋಡೋಣ ಅಂತ ನಂಗೆ ನಾನೇ ಹೇಳ್ಕೊಂಡು ಬಂದೆ."

ಹೋದ ತಿಂಗಳು ಒಂದು ಸತ್ತ ಆಮೆಯನ್ನು ತೊಳೆದು, ಹುಳು ಇಲ್ಲ ಎಂದರು. ಅದನ್ನು ನಂಬಿ ತೊಟ್ಟಿಯಲ್ಲಿದ್ದ ಆಮೆಗೆ ಔಷಧಿ ಹಾಕಲಿಲ್ಲ. ಆಮೇಲೆ ಸತ್ತದ್ದರ ಮಿದುಳಿನ ಚೂರನ್ನು ಸೂಕ್ಷ್ಮದರ್ಶಕದಲ್ಲಿಟ್ಟರೆ ತುಂಬ ಮೊಟ್ಟೆ.

"ಮೊಟ್ಟೆ ಇದ್ಮೇಲೆ ಇಟ್ಟೋಳು ಇರ್ಲೇಬೇಕಲ್ಲ? ನಾನೇ ಮೋರಿಗೆ ಚೆಲ್ಲಿದೀನಿ. ಡಾಕ್ಟ್ರಮ್ಮ ಒಂದು ಮಾತು ಬೈಲಿಲ್ಲ. ಬೈದಿದ್ರೆ ಹಗುರ ಆಗ್ತಿತ್ತು."

ತೊಟ್ಟಿಯ ಆಮೆಗೆ ಔಷಧಿ ತಡವಾಗಿ ಬಿತ್ತು. ಬದುಕಿದೆ, ಆದರೆ ಇನ್ನೂ ಮುಳುಗುತ್ತಿಲ್ಲ.

ಇಂದು ಬಟ್ಟಲನ್ನು ದೀಪಕ್ಕೆ ಹಿಡಿದು, ತಿರುಗಿಸಿ, ಕಣ್ಣುಜ್ಜಿ, ಮತ್ತೆ ಹಿಡಿಯುತ್ತಾರೆ. ಕೊನೆಗೆ ಡಾಕ್ಟರಮ್ಮನನ್ನು ಕೂಗುತ್ತಾರೆ: "ಏನೂ ಕಾಣ್ತಿಲ್ಲ. ಆದ್ರೂ ನೀವೊಂದ್ಸಲ ನೋಡಿ."

ಡಾಕ್ಟರಮ್ಮ ಬಗ್ಗುತ್ತಾರೆ. ಕುಂಚದ ತುದಿಯಿಂದ ಒಂದನ್ನು ಎತ್ತುತ್ತಾರೆ. ಆಮೇಲೆ ಇನ್ನೊಂದು. "ಇದೆ ಅಕ್ಕಾ," ಎನ್ನುತ್ತಾರೆ, ಮೆಲ್ಲಗೆ. ಜರಡಿಯಕ್ಕ ಗೋಡೆಗೆ ಒರಗಿ ಸ್ಟೂಲಿನ ಮೇಲೆ ಕೂರುತ್ತಾರೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ತಟ್ಟೆಗೆ ಕೈ ಹಾಕುವುದಿಲ್ಲ. ಅರ್ಜಿ ತೆಗೆಸುತ್ತಾರೆ. ಅದರಲ್ಲಿ 'ವೈಯಕ್ತಿಕ ಕಾರಣದಿಂದ' ಎಂದಿದೆ.

"ಅದನ್ನ ಹೊಡೆದು ಹಾಕು. 'ನನಗೆ ಹುಳು ಕಾಣುತ್ತಿಲ್ಲ, ಬೇರೆಯವರನ್ನು ಕಳಿಸಿ' ಅಂತ ಬರಿ."

"ಅತ್ತಿಗೆ, ಹಂಗೆ ಬರೆದ್ರೆ ಕಣ್ಣು ಬಂದ್ಮೇಲೂ ಕರೀತಾರಾ? ತಿನ್ನೋದೇನು ನಾವು?"

"ಕರೆದ್ರೆ ಹೋಗ್ತೀನಿ, ಇಲ್ದಿದ್ರೆ ಶೆಡ್ಡಲ್ಲಿ ಮೀನು ಹೆಚ್ತೀನಿ. ಮೀನು ದೊಡ್ಡದು, ಕಾಣುತ್ತೆ. ಬರಿ ನೀನು."

ನಾದಿನಿ ಬರೆಯುತ್ತಾಳೆ, ಮೂಗೊರೆಸಿಕೊಳ್ಳುತ್ತಾ. ಬೀದಿ ತಿರುವಿನ ಅಂಚೆಪೆಟ್ಟಿಗೆಯವರೆಗೆ ಜರಡಿಯಕ್ಕ ಒಬ್ಬರೇ ನಡೆದು ಹೋಗುತ್ತಾರೆ. ಲಕೋಟೆ ಹಾಕಿದ ಮೇಲೂ ಕಣ್ಣನ್ನು ನಂಬದೆ, ಪೆಟ್ಟಿಗೆಯ ಬಾಯೊಳಗೆ ಬೆರಳಾಡಿಸಿ, ಒಳಗೆ ಬಿದ್ದದ್ದು ಖಾತ್ರಿ ಮಾಡಿಕೊಳ್ಳುತ್ತಾರೆ.