ಹಗ್ಗ ಹೊಸೆಯುತ್ತಿದ್ದ ನೆಲ

ಬೀದಿಯ ಮಕ್ಕಳು ಅವನಿಗೆ ಏಡಿಯಪ್ಪ ಎಂದು ಹೆಸರಿಟ್ಟಿದ್ದರು. ಹಗ್ಗ ಹೊಸೆಯುವವನು ಸೊಂಟಕ್ಕೆ ನಾರಿನ ಕಟ್ಟು ಸುತ್ತಿಕೊಂಡು, ಬೆರಳ ಸಂದಿಯಿಂದ ಎಳೆ ಬಿಡುತ್ತ ಹಿಂದಹಿಂದಕ್ಕೆ ನಡೆಯಬೇಕು; ಎದುರು ತುದಿಯಲ್ಲಿ ಇನ್ನೊಬ್ಬನು ಚಕ್ರ ತಿರುಗಿಸಬೇಕು. "ಏಡಿ ಅಡ್ಡಡ್ಡ ಹೋಗತ್ತೆ ಕಣ್ರೋ, ನಾನು ಹಿಂದಕ್ಕೆ ಹೋಗ್ತೀನಿ. ಅಷ್ಟೂ ಗೊತ್ತಿಲ್ದೆ ಹೆಸರಿಡ್ತೀರಲ್ಲ!" ಎಂದು ಅವನು ನಗುತ್ತಿದ್ದನು. ತಿರುಗಿ ನೋಡದೆ ನಡೆದರೂ ಅವನ ಹಿಮ್ಮಡಿಗೆ ಒಂದು ಕಲ್ಲೂ ತಾಕುತ್ತಿರಲಿಲ್ಲ. ಆ ನೆಲದ ಪರಿಚಯ ಅಷ್ಟಿತ್ತು.

ಚಕ್ರ ತಿರುಗಿಸುತ್ತಿದ್ದವನು ಅವನ ಅಣ್ಣ. ಇಬ್ಬರೂ ಹಗ್ಗ ಮಾರಿದ ದುಡ್ಡಿನಲ್ಲೇ ಆ ನೆಲ ಕೊಂಡಿದ್ದರು. ಅಗಲ ಎರಡು ಗಾಡಿ ಹೋಗುವಷ್ಟು. ಉದ್ದ ಮಾತ್ರ ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳದಷ್ಟು. ಪತ್ರ ಅಣ್ಣನ ಹೆಸರಿನಲ್ಲಿತ್ತು. ಆ ಮನೆಯಲ್ಲಿ ಎಲ್ಲವೂ ಹಾಗೆಯೇ. ಕೊಡೆಯಾಗಲಿ, ಗೋಡೆಯ ಗಡಿಯಾರವಾಗಲಿ, ಯಾರದೆಂದು ಕೇಳಿದರೆ ತಮ್ಮನು "ಅಣ್ಣಂದು" ಎನ್ನುವನು. ಹಿರಿಯನಿರುವಾಗ ತನ್ನದೆನ್ನುವುದು ಅವನ ನಾಲಗೆಗೆ ಬರುತ್ತಿರಲಿಲ್ಲ. ಮದುವೆಯಾಗದ ಅವನಿಗೆ ಅತ್ತಿಗೆಯ ಕೈ ಅಡುಗೆಯೇ ಊಟ.

ರಸ್ತೆಗೂ ನೇರವಾದ ಉದ್ದನೆಯ ನೆಲವೇ ಬೇಕಲ್ಲ! ಸರ್ಕಾರದ ಕಣ್ಣು ಅದರ ಮೇಲೆ ಬಿದ್ದಿತು.

ಅಳತೆಯವನು ಬಂದಾಗ ಏಡಿಯಪ್ಪನು ನೆಲದ ನಡುವಿನಲ್ಲಿದ್ದನು. ಅಲ್ಲಿ ಎಳೆ ಕೈಬಿಟ್ಟರೆ ಹೊಸೆದದ್ದಷ್ಟೂ ಬಿಚ್ಚಿಕೊಳ್ಳುತ್ತದೆ.

"ಯಜಮಾನ್ರೇ, ಈ ಜಾಗ ಯಾರದು?"

ಏಡಿಯಪ್ಪನು ನಿಲ್ಲಲಿಲ್ಲ. ಚಕ್ರದ ಕಡೆಗೆ ಗದ್ದ ತೋರಿಸಿ, "ಅಣ್ಣಂದು ಸ್ವಾಮಿ, ಎಲ್ಲಾ ಅಣ್ಣಂದೇ" ಎಂದನು.

"ಮತ್ತೆ ನೀವು?"

"ನಾನು ಹಿಂಗೆ ನಡೀತಿರ್ತೀನಿ."

ಅಳತೆಯವನು ನಕ್ಕು ಬರೆದುಕೊಂಡು ಹೋದನು. ಕೆಲಸ ಮುಗಿದ ಮೇಲೆ ವಿಷಯ ತಿಳಿದು ಅಣ್ಣ ರೇಗಿದನು. "ಇಬ್ಬರದೂ ಅನ್ನೋಕೆ ಏನಾಗಿತ್ತೋ? ಬಾಯಲ್ಲೂ ನಾರು ತುಂಬ್ಕೊಂಡಿದ್ಯಾ?"

"ಮತ್ತೆ ಬರ್ತಾರಲ್ಲಣ್ಣ, ಆಗ ನೀನೇ ಹೇಳು."

ಅವರು ಮತ್ತೆ ಬರುವ ಮೊದಲೇ ಅಣ್ಣ ಜ್ವರ ಹಿಡಿದು ತೀರಿಕೊಂಡನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅತ್ತಿಗೆ ಮಗಳ ಮನೆ ಸೇರಿದಳು. ರಸ್ತೆಗೆ ಹೋದ ನೆಲಕ್ಕೆ ಸರ್ಕಾರ ಕೊಡುವ ಪರಿಹಾರವೆಲ್ಲ ಅತ್ತೆಯದೇ ಎಂದು ಅಳಿಯ ಅರ್ಜಿ ಹಾಕಿದನು. ಏಡಿಯಪ್ಪನು ಅರ್ಧ ಕೇಳಿದನು. ಅರ್ಧ ಸಿಕ್ಕಿದರೆ ಊರಾಚೆ ಇನ್ನೊಂದು ಉದ್ದನೆಯ ಪಟ್ಟಿ ಕೊಂಡು ಚಕ್ರ ನೆಡಬಹುದಿತ್ತು. ಬೇರೆ ಕಸುಬು ಅವನಿಗೆ ತಿಳಿಯದು.

ವಿಚಾರಣೆಯ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಿತ್ತು.

"ಮಾವನ ಹತ್ರ ಕೂಲಿಗಿದ್ರು ಸಾರ್," ಎಂದನು ಅಳಿಯ. "ಎಲ್ಲಾ ಅಣ್ಣಂದೇ ಅಂತ ಅಳತೆಯವರಿಗೆ ಇವರೇ ಹೇಳಿದಾರಲ್ಲ?"

"ಹೇಳಿದ್ರಾ?" ಎಂದು ಅಧಿಕಾರಿ ಕೇಳಿದರು.

"ಹೇಳ್ದೆ ಸ್ವಾಮಿ. ಅಣ್ಣ ಇದ್ದಾಗ ಹಂಗೇ ಅನ್ನೋದು ನಾವು."

"ಹಂಗೇ ಅನ್ನೋದು ಅಂದ್ರೆ?"

ಏಡಿಯಪ್ಪನು ಅತ್ತಿಗೆಯ ಕಡೆ ನೋಡಿದನು. ಇದನ್ನು ಬಿಡಿಸಿ ಹೇಳುವುದು ಹೇಗೆ?

"ಅಮ್ಮಾ, ನೀವು ಹೇಳಿ. ಮೈದುನನಿಗೆ ಪಾಲಿದೆಯಾ?"

ಅತ್ತಿಗೆ ಅಳಿಯನ ಬೂಟುಗಳನ್ನೇ ನೋಡುತ್ತ, "ನಂಗೇನೂ ತಿಳಿಯಲ್ಲಪ್ಪ. ಅಳಿಯಂದಿರು ಹೇಳಿದ ಹಾಗೆ" ಎಂದಳು.

ಅಧಿಕಾರಿ ಕೆಟ್ಟವರಲ್ಲ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಇಬ್ಬರೂ ಒಪ್ಪಿದ್ರೆ ಇಲ್ಲೇ ಮುಗಿಸ್ತಿದ್ದೆ. ಇನ್ನು ದುಡ್ಡು ಕೋರ್ಟಿಗೆ ಹೋಗತ್ತೆ. ಅಲ್ಲಿ ತೀರ್ಮಾನ ಆಗೋವರೆಗೂ ಯಾರಿಗೂ ಇಲ್ಲ."

"ಎಷ್ಟು ದಿನ ಸ್ವಾಮಿ?"

"ದಿನದ ಲೆಕ್ಕ ಕೇಳ್ಬೇಡಿ."

"ಅಲ್ಲೀವರೆಗೂ ನೆಲದಲ್ಲಿ ಕೆಲಸ ಮಾಡ್ಕೊಂಡಿರ್ಲಾ?"

"ನೆಲ ಆಗ್ಲೇ ಸರ್ಕಾರದ್ದು, ಯಜಮಾನ್ರೇ."

ಹೊರಗೆ ಅಳಿಯ ಸ್ಕೂಟರ್ ತರಲು ಹೋದನು. ಅತ್ತಿಗೆ ಮೆಟ್ಟಿಲ ಮೇಲೆ ನಿಂತು ಸೆರಗು ಬಾಯಿಗಿಟ್ಟಳು. "ಅನ್ನ ಅವರ ಮನೇದು, ನಾನೇನು ಹೇಳ್ಲಿ? ಒಂದ್ಸಲ ಬೈದಾದ್ರೂ ಬಿಡಪ್ಪ."

ಬೈಯಬೇಕೆಂದು ಅವನಿಗೂ ಅನಿಸಿತು. ಬಾಯಿಗೆ ಬಂದದ್ದು, "ನೆರಳಿಗೆ ಬನ್ನಿ ಅತ್ತಿಗೆ" ಎಂಬುದಷ್ಟೇ.

ಸ್ಕೂಟರ್ ಬಂದು ಅವಳನ್ನು ಕೂರಿಸಿಕೊಂಡು ಹೋಯಿತು. ಏಡಿಯಪ್ಪನು ಅಲ್ಲೇ ಕುಳಿತನು. ಒಡೆಯರಿಬ್ಬರಾದ ಆ ದುಡ್ಡು ಯಾರ ಕೈಗೂ ಎಟುಕದಂತಾಗಿತ್ತು.

"ತಾತ, ಊಟದ ಹೊತ್ತು, ಬಾಗಿಲು ಹಾಕ್ಬೇಕು. ಏಳಿ," ಎಂದನು ಕಾವಲುಗಾರ.

ಏಡಿಯಪ್ಪನು ಎದ್ದನು. ಎದ್ದು ಎಲ್ಲಿಗೆ ಹೋಗುವುದೆಂದು ತೋಚದೆ, ದಾರಿ ಬಿಟ್ಟು ಗೋಡೆಯ ಪಕ್ಕಕ್ಕೆ ನಿಂತುಕೊಂಡನು.