ಮೆಸಯೀದಿಗೆ ಇಪ್ಪತ್ತೈದು ನಿಮಿಷ ತಡ

ಮುಂಬಯಿಯಿಂದ ಹೊರಟ ವಿಮಾನ ದೋಹಾದಲ್ಲಿ ಇಳಿದಾಗ ಬುಧವಾರ ಬೆಳಗ್ಗೆ ಒಂಬತ್ತೂವರೆ. ಫೆಬ್ರವರಿ ತಿಂಗಳು, ಅಲ್ಲಿ ಏಷ್ಯನ್ ಗೇಮ್ಸ್ ಮುಗಿದು ವರ್ಷ ಕಳೆದಿತ್ತು. ಮರಳುಗಾಡು ಎಂದರೆ ಸುಡುತ್ತಲೇ ಇರುತ್ತದೆ ಎಂದು ನಂಬಿ ತೆಳ್ಳಗಿನ ಅಂಗಿ ತೊಟ್ಟು ಹೋಗಿದ್ದೆ. ಹೊರಗೆ ಬಂದೊಡನೆ ಗಾಳಿಗೆ ಮೈ ನಡುಗಿತು. ಕರೆದೊಯ್ಯಲು ರಝಾಕ್ ಬಂದಿದ್ದ. ನಾನು ಮೂಲ್ಕಿ ಕಡೆಯ ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿದ್ದಾಗ ನನ್ನ ಕಬಡ್ಡಿ ತಂಡದಲ್ಲಿದ್ದವನು. ಈಗ ಮೆಸಯೀದಿನ ಕಾರ್ಖಾನೆಯೊಂದರಲ್ಲಿ ಟೆಕ್ನೀಷಿಯನ್. ತನ್ನ ಜಾಕೆಟ್ ಬಿಚ್ಚಿ ನನಗೆ ಹೊದಿಸಿ, "ಇಲ್ಲಿಯೂ ಚಳಿ ಉಂಟು ಮಾಷ್ಟ್ರೇ" ಎಂದ.

ಈ ಪ್ರವಾಸಕ್ಕೆ ಅವನೇ ಕಾರಣ. "ರಗ್ಬಿ ಲೀಗ್ ಅಂತ ಒಂದು ಆಟ. ನಮ್ಮ ಕಬಡ್ಡಿಯವರಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಬೆಳೀತಾ ಉಂಟು. ನೀವು ಬಂದು ನೋಡಿ ಬರೀಬೇಕು" ಎಂದು ಒಂದು ವರ್ಷದಿಂದ ಫೋನಿನಲ್ಲಿ ನನ್ನ ಜೀವ ತಿಂದಿದ್ದ. ವೀಸಾ, ಟಿಕೆಟ್ ಎಲ್ಲ ಅವನೇ ಮಾಡಿಸಿದ. ನಿವೃತ್ತಿಯ ಮೇಲೆ ನಾನು ಊರಿನ ವಾರಪತ್ರಿಕೆಗೆ ಆಟೋಟದ ಬಗ್ಗೆ ಬರೆಯುತ್ತೇನೆ. "ನಿಜವಾಗಿ ಬೆಳೆಯುತ್ತಿದೆಯೋ ಇಲ್ಲವೋ ನೋಡಿ ಬನ್ನಿ. ಹೊಗಳಿಕೆ ಬೇಡ" ಎಂದು ಸಂಪಾದಕರು ಕಳಿಸಿದ್ದರು.

ಹೊಸ ಚೆಂಡು ಬೇಕೆಂದು ರಝಾಕ್ ಮೊದಲು ಕಾರನ್ನು ಉತ್ತರಕ್ಕೆ, ಇಪ್ಪತ್ತು ಕಿಲೋಮೀಟರ್ ದೂರದ ಉಮ್ಮ್ ಸಲಾಲಿಗೆ ತಿರುಗಿಸಿದ. ಅಲ್ಲಿ ಆಟದ ಸಾಮಾನಿನ ಅಂಗಡಿ ಇಟ್ಟಿರುವವರು ಉಪ್ಪಿನಂಗಡಿಯ ಒಬ್ಬ ಬ್ಯಾರಿ. ಒಂದು ರಿಯಾಲಿನ ಕಡಕ್ ಚಹಾ ತರಿಸಿಕೊಟ್ಟರು. ಈ ಆಟ ಬೆಳೆಯುತ್ತಿದೆಯೇ ಎಂದು ಅವರನ್ನೇ ಕೇಳಿದೆ.

"ಫುಟ್‌ಬಾಲ್ ಹೋಗ್ತದೆ, ಕ್ರಿಕೆಟ್ ಹೋಗ್ತದೆ. ಈ ಮೊಟ್ಟೆ ಚೆಂಡು ಈ ವರ್ಷ ಮೂರು ಹೋಯ್ತು. ಮೂರೂ ತಗೊಂಡದ್ದು ನಿಮ್ಮ ರಝಾಕನೇ."

ರಝಾಕ್ ನಕ್ಕ. "ಹೋದ ವರ್ಷ ಒಂದೇ ತಗೊಂಡದ್ದಲ್ವಾ ಕಾಕ? ಬೆಳೀತಾ ಉಂಟು ಅಂತ ಆಯ್ತಲ್ಲ."

ಅಲ್ಲಿಂದ ದಕ್ಷಿಣಕ್ಕೆ, ದೋಹಾ ದಾಟಿ ಮೆಸಯೀದ್. ಕಂಪನಿಯ ಕ್ವಾರ್ಟರ್ಸಿನಲ್ಲಿ ತನ್ನ ಮಂಚ ನನಗೆ ಬಿಟ್ಟು ಅವನು ನೆಲದ ಮೇಲೆ ಮಲಗಿದ.

ಗುರುವಾರ ಸಂಜೆ ಅಭ್ಯಾಸ ನೋಡಿದೆ. ಕ್ವಾರ್ಟರ್ಸಿನ ಹಿಂದೆ ಗಟ್ಟಿ ಮಣ್ಣಿನ ಮೈದಾನ, ಆಚೆ ಕಾರ್ಖಾನೆಯ ಚಿಮಣಿಗಳು. ಆಟ ಹೀಗೆ: ಪ್ರತಿ ಬದಿಗೆ ಹದಿಮೂರು ಜನ. ಚೆಂಡು ಹಿಡಿದು ಓಡುವವನನ್ನು ಎದುರಾಳಿಗಳು ಹಿಡಿದು ಕೆಡವಬೇಕು. ಬಿದ್ದವನು ಎದ್ದು, ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸಿ ಆಟ ಮುಂದುವರಿಸಬಹುದು. ಆರು ಸಲ ಹಿಡಿದರೆ ಚೆಂಡು ಎದುರಾಳಿಯದು. ಹಿಡಿಯುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಓಡುವವನ ಕಾಲು ಕೈಗೆ ಸಿಕ್ಕಿದರೆ ಬಿಡುವ ಜಾತಿಯೇ ಅಲ್ಲ. ತಾವು ಸಿಕ್ಕಿಬಿದ್ದಾಗ ಮಾತ್ರ ಗೋಳು. ಕಬಡ್ಡಿಯ ಅಭ್ಯಾಸಬಲದಿಂದ ಔಟ್ ಆದೆ ಎಂದುಕೊಂಡು, ಚೆಂಡನ್ನು ಅಲ್ಲೇ ಇಟ್ಟು ಗೆರೆಯಾಚೆ ಹೋಗಿ ಕೂತುಬಿಡುತ್ತಿದ್ದರು. "ಏಳು ಮಾರಾಯ, ನೀನು ಸತ್ತಿಲ್ಲ" ಎಂದು ರಝಾಕ್ ಕೂಗಿ ಕೂಗಿ ಗಂಟಲು ಒಣಗಿಸಿಕೊಂಡ.

ಆಮೇಲೆ ಅವನು ನನ್ನ ಪಕ್ಕ ಕೂತು ವಿಷಯ ಹೇಳಿದ. ಇದೇ ಮೈದಾನವನ್ನು ಕ್ರಿಕೆಟಿನವರೂ ಕೇಳಿದ್ದಾರೆ. ಕಂಪನಿಯ ಕ್ರೀಡಾ ವಿಭಾಗ ನೋಡಿಕೊಳ್ಳುವ ಬ್ರಿಟಿಷ್ ಅಧಿಕಾರಿ ಒಂದು ಷರತ್ತು ಹಾಕಿದ್ದಾನೆ. ಶುಕ್ರವಾರ ಮೂರು ಗಂಟೆಗೆ ದೋಹಾದ ತಂಡ ಬರುತ್ತದೆ. ಹದಿಮೂರು ಜನ ಮೈದಾನಕ್ಕಿಳಿದರೆ ಶುಕ್ರವಾರಗಳೆಲ್ಲ ರಝಾಕನ ತಂಡಕ್ಕೆ, ಇಲ್ಲದಿದ್ದರೆ ಕ್ರಿಕೆಟಿಗೆ.

"ಎಷ್ಟು ಜನ ಇದ್ದೀರಿ?" ಎಂದೆ.

"ಸರೀ ಹದಿಮೂರು. ಆರು ಜನ ಇಲ್ಲಿಯವರು, ಏಳು ಜನ ದೋಹಾದಾಚೆ ಅಲ್ ರಯ್ಯಾನಿನಿಂದ ದಯಾನಂದನ ವ್ಯಾನಿನಲ್ಲಿ ಬರ್ತಾರೆ. ಎರಡು ವರ್ಷ ಬೇಕಾಯ್ತು ಮಾಷ್ಟ್ರೇ, ಇವರನ್ನು ಒಟ್ಟು ಮಾಡ್ಲಿಕ್ಕೆ."

ಶುಕ್ರವಾರ ಅವನಿಗೆ ಎರಡು ಗಂಟೆಯವರೆಗೆ ಡ್ಯೂಟಿ. ಬೆಳಗ್ಗೆ ದಯಾನಂದನೇ ಬಂದು ನನ್ನನ್ನು ಅಲ್ ರಯ್ಯಾನಿಗೆ ಕರೆದೊಯ್ದ. ಅವನೂ ನನ್ನ ಶಿಷ್ಯ; ಎ.ಸಿ. ರಿಪೇರಿ ಅಂಗಡಿ ಇದೆ. ನನಗೂ ವ್ಯಾನಿನ ಏಳು ಜನರಿಗೂ (ಎಲ್ಲ ನನ್ನ ಹಳೆಯ ಶಿಷ್ಯರೇ) ಮಧ್ಯಾಹ್ನದ ಊಟ ಅವನ ಮನೆಯಲ್ಲಿ ಎಂದು ಮೊದಲೇ ನಿಶ್ಚಯವಾಗಿತ್ತು. ಹೊರಡುವಾಗ ರಝಾಕ್ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ: "ಒಂದೂವರೆಗೆ ಹೊರಡಿ ಮಾಷ್ಟ್ರೇ. ನೀವು ಎದ್ದರೆ ಎಲ್ಲರೂ ಏಳ್ತಾರೆ."

ಜುಮ್ಮಾ ನಮಾಜು ಮುಗಿಸಿ ಇಬ್ಬರು ಹುಡುಗರು ಬರುವಾಗ ಹನ್ನೆರಡೂವರೆ. ಊಟಕ್ಕೆ ಕೂರುತ್ತೇವೆ ಎಂದುಕೊಂಡರೆ, ದಯಾನಂದ ಕುರ್ಚಿ ಹಾಕಿಸಿ ಶಾಲು, ಹಣ್ಣಿನ ಬುಟ್ಟಿ ತಂದ. ಸನ್ಮಾನ. ಒಬ್ಬೊಬ್ಬನೂ ಎದ್ದು ನನ್ನ ಬೆತ್ತದ ರುಚಿಯನ್ನು ನೆನೆದು ಮಾತಾಡಿದ. ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಅರುವತ್ತೆರಡು ವರ್ಷದ ಮುದುಕನಿಗೆ ಪರದೇಶದಲ್ಲಿ ಶಾಲು ಹೊದಿಸಿದರೆ ಯಾರಿಗೆ ಬೇಡವಾಗುತ್ತದೆ? ಉತ್ತರವಾಗಿ ನಾನೂ ಭಾಷಣ ಮಾಡಿದೆ. ಚಿಕ್ಕದಾಗಿ ಎಂದು ಶುರು ಮಾಡಿದ್ದೆ.

ನೆಲದ ಮೇಲೆ ಸಾಲಾಗಿ ಕೂತಾಗ ಒಂದು ಗಂಟೆ ಹತ್ತು ನಿಮಿಷ. ಕೋರಿ ರೊಟ್ಟಿ, ನೀರುದೋಸೆ, ಬಂಗುಡೆ ಮೀನಿನ ಗಸಿ, ಕಡಲೆಬೇಳೆ ಪಾಯಸ. ನಮ್ಮ ಕಡೆ ಪಂಕ್ತಿಯಲ್ಲಿ ಹಿರಿಯರು ಏಳದೆ ಕಿರಿಯರು ಏಳುವುದಿಲ್ಲ. ಅದನ್ನು ಆ ಹುಡುಗರಿಗೆ ಶಾಲೆಯ ಊಟದ ಸಾಲಿನಲ್ಲಿ ಬೆನ್ನಿಗೆ ತಟ್ಟಿ ಕಲಿಸಿದವನೇ ನಾನು. ಗಸಿ ಬಾಯಿಗೆ ಹತ್ತಿತು. ಎರಡನೇ ಸಲ ಹಾಕಿಸಿಕೊಂಡೆ. ಯಾವನೋ ಹಳೆಯ ಜಿಲ್ಲಾ ಫೈನಲ್ಲಿನ ನೆನಪು ತೆಗೆದ. ಅದನ್ನು ಬುಡದಿಂದ ತುದಿಯವರೆಗೆ ನಾನು ಹೇಳಬೇಕಾಯಿತು. ದಯಾನಂದನ ಮೊಬೈಲು ಎರಡು ಸಲ ಗುಂಯ್ಗುಟ್ಟಿತು. ಮಾಷ್ಟ್ರು ಮಾತಾಡುವಾಗ ಫೋನ್ ಎತ್ತುವುದು ಹೇಗೆಂದು ಅವನು ಕಟ್ ಮಾಡಿದ. ಪಾಯಸ ತಂದ ಅವನ ಹೆಂಡತಿ ಶಶಿಕಲಾ, "ರೀ, ಗಂಟೆ ಎರಡಾಯ್ತು. ಇವರಿಗೆ ಮ್ಯಾಚ್ ಉಂಟಲ್ಲ?" ಎಂದಳು. ಅವನು ಕಣ್ಣಲ್ಲೇ ಸುಮ್ಮನಿರಿಸಿದ. ನನಗೂ ಕೇಳಿಸಿತ್ತು. ಏಳೂ ಜನರ ತಟ್ಟೆ ಖಾಲಿಯಾಗಿ, ಕೈ ಒಣಗಿ, ಅವರು ನನ್ನ ಮುಖ ನೋಡುತ್ತಿದ್ದುದೂ ಕಂಡಿತ್ತು. ಕತೆ ಮುಗಿಸಿ ಏಳುವ ಎಂದುಕೊಂಡೆ.

ಎದ್ದಾಗ ಎರಡೂವರೆ. ಅಲ್ಲಿಂದ ಮೆಸಯೀದಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು. ರಸ್ತೆಯನ್ನು ದೂರುವಂತಿಲ್ಲ, ಶುಕ್ರವಾರ ಮಧ್ಯಾಹ್ನ ಖಾಲಿಯಾಗಿತ್ತು. "ಯಲ್ಲಾ ಯಲ್ಲಾ" ಎನ್ನುತ್ತ ದಯಾನಂದ ಓಡಿಸಿದ. ಹಿಂದಿನ ಸೀಟಿನಲ್ಲಿ ಹುಡುಗರು ಬಾಗಿ ಬೂಟು ಕಟ್ಟಲು ಹೋಗಿ ಹೊಟ್ಟೆ ಹಿಡಿದುಕೊಂಡು ಕೂತರು.

ಮೈದಾನ ತಲುಪಿದಾಗ ಮೂರು ಗಂಟೆ ಇಪ್ಪತ್ತೈದು ನಿಮಿಷ. ರೆಫ್ರಿ ಕಾಲು ಗಂಟೆ ಕಾದು, ದೋಹಾದವರು ಗೆದ್ದರೆಂದು ಬರೆದು ಮುಗಿಸಿದ್ದ. ರಝಾಕ್ ಮತ್ತು ಐದು ಜನ ಜೆರ್ಸಿ ತೊಟ್ಟು ಗೆರೆಯ ಹತ್ತಿರ ನಿಂತಿದ್ದರು. ನಾನು ಆ ಬ್ರಿಟಿಷ್ ಅಧಿಕಾರಿಯ ಹತ್ತಿರ ಹೋಗಿ, ನನಗೆ ಬರುವ ಇಂಗ್ಲಿಷಿನಲ್ಲಿ, ತಪ್ಪು ನನ್ನದು, ಹುಡುಗರದ್ದಲ್ಲ ಎಂದೆ. ಅವನು ಕೆಟ್ಟವನಲ್ಲ. ಕೈ ಕುಲುಕಿ, ತಾನು ಎರಡೂ ಕಡೆಯವರಿಗೆ ಒಂದೇ ಮಾತು ಕೊಟ್ಟಿದ್ದೇನೆ ಎಂದ. ತಡವಾಗಿ ಬಂದವರನ್ನು ಮೂವತ್ತು ವರ್ಷ ಶಾಲೆಯ ಗೇಟಿನ ಹೊರಗೆ ನಿಲ್ಲಿಸಿದ ನಾನು ಯಾವ ಬಾಯಿಂದ ವಾದಿಸಲಿ?

ದೋಹಾದವರು ಸೌಜನ್ಯಕ್ಕೆ ಅರ್ಧ ಗಂಟೆ ಆಡಿದರು. ನಮ್ಮ ಇಬ್ಬರು ಬದಿಗೆ ಹೋಗಿ ವಾಂತಿ ಮಾಡಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಹಾಗಾಯಿತು ನನ್ನ ಸ್ಥಿತಿ. ಆಟ ಮುಗಿಸಿ ಬಂದ ರಝಾಕ್ ಬೈಯುತ್ತಾನೆ ಎಂದು ಕಾದಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು.

"ಊಟ ಒಳ್ಳೆದಾಯ್ತಾ ಮಾಷ್ಟ್ರೇ?" ಎಂದು ಕೇಳಿದ. ಅವನ ಮಾತಿನಲ್ಲಿ ಕೊಂಕಿರಲಿಲ್ಲ.

ಶನಿವಾರ ಬೆಳಗ್ಗೆ ಕೆಲಸಗಾರರು ಬಂದು ಮೈದಾನದ ನಡುವೆ ಪಿಚ್ಚಿಗೆ ಅಳತೆ ಹಿಡಿದರು. ಅಲ್ ರಯ್ಯಾನಿನ ಏಳು ಜನರಲ್ಲಿ ನಾಲ್ವರು, ಮೈದಾನವಿಲ್ಲದ ಮೇಲೆ ಅಷ್ಟು ದೂರ ಬಂದು ಮಾಡುವುದೇನು ಎಂದು ಫೋನು ಮಾಡಿದರಂತೆ. "ಖಲಾಸ್" ಎಂದಷ್ಟೇ ಹೇಳಿ ರಝಾಕ್ ನನ್ನನ್ನು ಸಮುದ್ರದ ಕಡೆ ಸುತ್ತಾಡಿಸಿದ. ನಾನು ಏನು ನೋಡಿದೆನೆಂದು ಈಗ ನೆನಪಿಲ್ಲ.

ಸೋಮವಾರ ವಿಮಾನ ನಿಲ್ದಾಣದಲ್ಲಿ ಬ್ಯಾಗು ಕೈಗೆ ಕೊಡುವಾಗ, "ಪೇಪರಿಗೆ ಎಂಥ ಬರೀತೀರಿ?" ಎಂದ.

"ನೀನೇ ಹೇಳು ಮಾರಾಯ."

"ಬೆಳೀತಾ ಇಲ್ಲ ಅಂತ ಮಾತ್ರ ಬರೀಬೇಡಿ. ಹದಿಮೂರು ಜನ ಇದ್ದೆವು ಅಂತ ಬರೀರಿ."

ಸಂಪಾದಕರೇ, ಹದಿಮೂರು ಜನ ಇದ್ದರು. ಅವರಲ್ಲಿ ಏಳು ಜನರನ್ನು ಊಟದ ಸಾಲಿನಲ್ಲಿ ಹಿಡಿದು ಕೂರಿಸಿದವನು ನಾನು.